ಊರಿನ ನೆಂಟರಿಗೆ ಮುಂಬಯಿ ತೋರಿಸುವುದು: ಮೂರು ದಿನದ ರಜೆಯ ಲೆಕ್ಕಾಚಾರ

ಶುಕ್ರವಾರವೋ ಸೋಮವಾರವೋ ಸರಕಾರಿ ರಜೆ ಬಿದ್ದು ಶನಿವಾರ-ಭಾನುವಾರಕ್ಕೆ ಸೇರಿಕೊಂಡಿತೆಂದರೆ ಊರಿಂದ ಫೋನ್ ಬಂತೆಂದೇ ಲೆಕ್ಕ. ಬರುವವರು ಆರೆಂಟು ಮಂದಿ. ಅವರಲ್ಲಿ ಎಪ್ಪತ್ತು ದಾಟಿದವರು ಇಬ್ಬರಾದರೂ ಇರುತ್ತಾರೆ, ಹತ್ತು ವರ್ಷದೊಳಗಿನ ಮಕ್ಕಳೂ ಇರುತ್ತಾರೆ. ಜತೆಗೊಂದು ಪಟ್ಟಿ: ಗೇಟ್‌ವೇ, ಎಲಿಫೆಂಟಾ, ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಹಾಜಿ ಅಲಿ, ಜುಹೂ, ಯಾವುದಾದರೊಬ್ಬ ನಟನ ಬಂಗಲೆ. ಆ ಪಟ್ಟಿಯ ಕ್ರಮದಲ್ಲೇ ತೋರಿಸಲು ಹೊರಟ ಮನೆಯವರು ಶನಿವಾರ ಸಂಜೆಗೇ ಸುಸ್ತಾಗಿ, ಭಾನುವಾರವಿಡೀ ಟ್ಯಾಕ್ಸಿಯಲ್ಲಿ ಕೂತು ಬೈಸಿಕೊಳ್ಳುತ್ತಾರೆ.

ಪಟ್ಟಿಯನ್ನು ಪಕ್ಕಕ್ಕಿಟ್ಟು ಮೊದಲು ಊಟದ ಜಾಗ ಗೊತ್ತುಮಾಡಿಕೊಳ್ಳಿ. ಬೆಳಗ್ಗೆ ಎಂಟಕ್ಕೆ ಎಲ್ಲಿ, ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲಿ, ರಾತ್ರಿ ಏಳೂವರೆಗೆ ಎಲ್ಲಿ ಎಂಬುದು ನಿರ್ಧಾರವಾದ ಮೇಲೆ, ಅದರ ಸುತ್ತ ಎರಡು ಕಿಲೋಮೀಟರಿನಲ್ಲಿ ಏನಿದೆಯೋ ಅಷ್ಟನ್ನೇ ಆ ಹೊತ್ತಿಗೆ ತೋರಿಸಿ. ಎಂಟು ಮಂದಿಯ ಗುಂಪಿಗೆ ಎರಡೂವರೆ ಗಂಟೆಗೊಮ್ಮೆ ಕೂರಲು ಕುರ್ಚಿ, ಕುಡಿಯಲು ನೀರು, ಹೋಗಲು ಶೌಚಾಲಯ ಬೇಕಾಗುತ್ತದೆ. ಈ ನಗರದಲ್ಲಿ ಮೂರೂ ಒಟ್ಟಿಗೆ ಸಿಗುವುದು ಹೋಟೆಲಿನಲ್ಲೇ. ಮಧ್ಯಾಹ್ನ ಒಂದೂವರೆಗೆ ಹಸಿದ ಗುಂಪನ್ನು ಕಟ್ಟಿಕೊಂಡು ಗೊತ್ತಿಲ್ಲದ ಬೀದಿಯಲ್ಲಿ ಹೋಟೆಲ್ ಹುಡುಕುವುದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಅಲ್ಲಿಂದಲೇ ಮುನಿಸು ಶುರು.

ಯಾವ ದಿನ ಯಾವುದಕ್ಕೆ ಬಾಗಿಲು

ರಜೆಯ ದಿನಗಳಲ್ಲಿ ಕೆಡುವ ಯೋಜನೆಗಳಲ್ಲಿ ಅರ್ಧದಷ್ಟು ವಾರದ ರಜೆ ನೋಡದೆ ಕೆಟ್ಟವು. ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ. ಬೋರಿವಲಿ ರಾಷ್ಟ್ರೀಯ ಉದ್ಯಾನದ ಕಾನ್ಹೇರಿ ಗುಹೆಗಳಿಗೂ ಸೋಮವಾರವೇ. ವರ್ಲಿಯ ನೆಹರೂ ತಾರಾಲಯವೂ ಸೋಮವಾರ ಮುಚ್ಚಿರುತ್ತದೆ. ಮಕ್ಕಳು ಪೆಂಗ್ವಿನ್ ನೋಡಲೇಬೇಕೆಂದು ಹಟ ಹಿಡಿಯುವ ಭಾಯಖಳಾದ ರಾಣಿಬಾಗ್ ಮೃಗಾಲಯಕ್ಕೆ ಬುಧವಾರ ರಜೆ. ಕ್ರಾಫರ್ಡ್ ಮಾರ್ಕೆಟ್‌ ಮತ್ತು ಪಕ್ಕದ ಬಟ್ಟೆಯ ಮಂಗಲದಾಸ್ ಮಾರ್ಕೆಟ್‌ನಲ್ಲಿ ಭಾನುವಾರ ವ್ಯಾಪಾರವಿಲ್ಲ. ದಾದರ್, ಮಾಟುಂಗಾದಲ್ಲಿ ಹಲವು ಅಂಗಡಿಗಳಿಗೆ ಸೋಮವಾರ ರಜೆ, ಮಾಟುಂಗಾದ ಹೆಸರಾಂತ ಹೋಟೆಲುಗಳಲ್ಲಿ ಕೆಲವಕ್ಕೂ ಅಂದೇ. ಚೋರ್ ಬಜಾರ್ ಶುಕ್ರವಾರ ಬಂದ್. ಸೀರೆ ಕೊಳ್ಳುವವರಿದ್ದರೆ ಶನಿವಾರವೇ ಮುಗಿಸಿಬಿಡಿ. ಮುಂದೂಡಿದರೆ ಸೋಮವಾರ ಮುಚ್ಚಿದ ಶಟರ್ ನೋಡಿಕೊಂಡು ಬರಬೇಕಾಗುತ್ತದೆ.

ಇನ್ನೊಂದು ಕೊಕ್ಕೆ ಇದೆ. ಕಾಲಾ ಘೋಡಾದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ ವಾರವಿಡೀ ತೆರೆದಿರುತ್ತದೆ, ಆದರೆ ಆಗಸ್ಟ್ 15, ಅಕ್ಟೋಬರ್ 2, ಜನವರಿ 26ರಂಥ ದಿನಗಳಲ್ಲಿ ಮುಚ್ಚಿರುತ್ತದೆ. ಅಂದರೆ ನಿಮ್ಮ ನೆಂಟರು ಬರುವುದಕ್ಕೆ ಕಾರಣವಾದ ರಜೆಯಂದೇ ಬಾಗಿಲು ಹಾಕಿರುತ್ತದೆ. ಈ ಮೂರೂ ಮದ್ಯ ಮಾರಾಟವಿಲ್ಲದ ಡ್ರೈ ಡೇಗಳೆಂಬುದನ್ನು ಭಾವಂದಿರಿಗೆ ಮೊದಲೇ ಸೂಕ್ಷ್ಮವಾಗಿ ತಿಳಿಸಿಡುವುದು ಮನೆಯ ಶಾಂತಿಗೆ ಒಳ್ಳೆಯದು. ಮಕ್ಕಳಿಗೆ ಯಾವ ದಿನವಾದರೂ ಹೊಂದುವ ಜಾಗ ಬೇಕಿದ್ದರೆ ವರ್ಲಿಯ ನೆಹರೂ ವಿಜ್ಞಾನ ಕೇಂದ್ರವಿದೆ. ಹೋಳಿ, ದೀಪಾವಳಿ ಬಿಟ್ಟರೆ ಅದು ವರ್ಷವಿಡೀ ತೆರೆದಿರುತ್ತದೆ.

ಇಳಿಸಿಕೊಳ್ಳುವುದು ಮತ್ತು ಮನೆ

ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಬರುವವರಿಗೆ ಕೊನೆಯ ನಿಲ್ದಾಣವಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ವರೆಗೆ ಟಿಕೆಟ್ ಇರುತ್ತದೆ. ನೀವು ನವಿ ಮುಂಬಯಿಯವರಾದರೆ ಪನ್ವೇಲ್‌ನಲ್ಲಿ, ಠಾಣೆ, ಮುಲುಂಡ್, ಡೊಂಬಿವಲಿಯವರಾದರೆ ಠಾಣೆಯಲ್ಲಿ ಇಳಿಯಲು ಹೇಳಿ. ಎಲ್‌ಟಿಟಿವರೆಗೆ ಹೋಗಿ ಹಿಂದೆ ಬರುವ ಒಂದೂವರೆ ಗಂಟೆ ಉಳಿಯುತ್ತದೆ, ಅಲ್ಲಿನ ರಿಕ್ಷಾದವರ ಜತೆ ಚೌಕಾಸಿಯೂ ತಪ್ಪುತ್ತದೆ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಕಲ್ಯಾಣ, ದಾದರ್‌ನಲ್ಲಿ ನಿಲ್ಲುತ್ತದೆ. ಅದಕ್ಕೂ ಇದೇ ಲೆಕ್ಕ. ಠಾಣೆಯಲ್ಲಿ ರೈಲು ನಿಲ್ಲುವುದು ಕೆಲವೇ ನಿಮಿಷ, ಹಾಗಾಗಿ ಪನ್ವೇಲ್ ದಾಟಿದ ಕೂಡಲೇ ಸಾಮಾನುಗಳನ್ನು ಬಾಗಿಲ ಬಳಿ ತಂದಿಟ್ಟುಕೊಳ್ಳಲಿ. ಊರಿಂದ ಬರುವ ಹಲಸಿನ ಹಪ್ಪಳ, ತೆಂಗಿನಕಾಯಿ ಚೀಲಗಳನ್ನೂ ಎಣಿಕೆಗೆ ಸೇರಿಸಿ ಹೇಳಿ, ಉಳಿದುಹೋಗುವುದು ಯಾವಾಗಲೂ ಅವೇ.

ಮನೆಯಲ್ಲಿ ನಿಜವಾದ ಇಕ್ಕಟ್ಟು ಹಾಸಿಗೆಯದ್ದಲ್ಲ, ನೀರಿನದು. ಕಟ್ಟಡಕ್ಕೆ ಹೊತ್ತುಗೊತ್ತು ನೋಡಿ ನೀರು ಬರುವ ಮನೆಯಾದರೆ ಹಿಂದಿನ ರಾತ್ರಿಯೇ ಎರಡು ಡ್ರಮ್ ತುಂಬಿಸಿಡಿ, ಗಂಡಸರ ಸ್ನಾನ ರಾತ್ರಿಗೆ ತಳ್ಳಿ. ಒಂದೇ ಬಚ್ಚಲಿದ್ದರೆ ಎಂಟು ಮಂದಿಗೆ ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ, ಏಳಕ್ಕೆ ಹೊರಡಬೇಕೆಂದರೆ ಐದಕ್ಕೆ ಶುರುವಾಗಬೇಕು. ಬೆಳಗಿನ ತಿಂಡಿ ಮನೆಯಲ್ಲೇ ಆಗುವ ದಿನ ಅವಲಕ್ಕಿ ಒಗ್ಗರಣೆ ಸುಲಭ: ಎಂಟು ಮಂದಿಗೆ 600 ಗ್ರಾಂ ದಪ್ಪ ಅವಲಕ್ಕಿ ಸಾಕು. ಅಂಗಡಿಯ ಇಡ್ಲಿ ಹಿಟ್ಟು ತರುವುದಾದರೆ ಕಿಲೋಗೆ ಸುಮಾರು ಇಪ್ಪತ್ತು ಇಡ್ಲಿ ಬರುತ್ತದೆ. ತಲೆಗೆ ನಾಲ್ಕರಂತೆ ಎರಡು ಕಿಲೋ ತಂದರೆ ಚೂರು ಮಿಗುತ್ತದೆ, ಸಂಜೆ ದೋಸೆಗಾಯಿತು.

ಲೋಕಲ್ ಹತ್ತಿಸುವ ವಿದ್ಯೆ

ಲೋಕಲ್ ರೈಲು ತೋರಿಸದೆ ಮುಂಬಯಿ ತೋರಿಸಿದ ಹಾಗಾಗುವುದಿಲ್ಲ. ಆದರೆ ಹತ್ತಿಸುವ ಹೊತ್ತು ನೋಡಬೇಕು. ಕೆಲಸದ ದಿನ ಬೆಳಗ್ಗೆ ಎಂಟರಿಂದ ಹನ್ನೊಂದು ದಕ್ಷಿಣಕ್ಕೆ, ಸಂಜೆ ಐದರಿಂದ ಒಂಬತ್ತು ಉತ್ತರಕ್ಕೆ ಹೋಗುವ ಗಾಡಿಗಳಲ್ಲಿ ಊರಿನವರನ್ನು ಹತ್ತಿಸುವುದು ಅಪಾಯ. ರಜೆಯ ದಿನ ರೈಲುಗಳು ಭಾನುವಾರದ ವೇಳಾಪಟ್ಟಿಯಲ್ಲಿ ಓಡುತ್ತವೆ, ಗಾಡಿಗಳು ಕಡಿಮೆ. ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಕೂರಲು ಜಾಗ ಸಿಗುತ್ತದೆ.

ಭಾನುವಾರದ ಶತ್ರು ಮೆಗಾ ಬ್ಲಾಕ್. ಹಳಿ ರಿಪೇರಿಗೆಂದು ಸೆಂಟ್ರಲ್ ಮತ್ತು ಹಾರ್ಬರ್ ಲೈನಿನಲ್ಲಿ ಸಾಮಾನ್ಯವಾಗಿ ಬೆಳಗ್ಗೆ ಹನ್ನೊಂದರ ಸುಮಾರಿಂದ ಸಂಜೆ ನಾಲ್ಕರವರೆಗೆ ಒಂದಷ್ಟು ಭಾಗ ನಿಲ್ಲುತ್ತದೆ. ಫಾಸ್ಟ್ ಗಾಡಿಗಳು ಸ್ಲೋ ಹಳಿಗೆ ಬರುತ್ತವೆ, ಹಾರ್ಬರ್‌ನಲ್ಲಿ ಕೆಲವೊಮ್ಮೆ ಗಾಡಿಯೇ ಇರುವುದಿಲ್ಲ. ಎಲ್ಲಿಂದ ಎಲ್ಲಿಗೆ ಎಂಬುದನ್ನು ರೈಲ್ವೆ ಒಂದೆರಡು ದಿನ ಮೊದಲೇ ಹೇಳುತ್ತದೆ, ಶನಿವಾರದ ಪತ್ರಿಕೆಯಲ್ಲಿ ಬಂದಿರುತ್ತದೆ. ಭಾನುವಾರ ಹೋಗುವುದು ಹತ್ತೂವರೆಯೊಳಗೆ, ಬರುವುದು ನಾಲ್ಕೂವರೆಯ ನಂತರ ಎಂದಿಟ್ಟುಕೊಂಡರೆ ಬ್ಲಾಕ್ ಇದ್ದರೂ ಇಲ್ಲದಿದ್ದರೂ ಒಂದೇ.

ಮೊಬೈಲಿನಲ್ಲಿ ಟಿಕೆಟ್ ತೆಗೆಯುವಾಗ ಒಂದು ಸಲಕ್ಕೆ ನಾಲ್ಕೇ ಮಂದಿಗೆ ಸಿಗುತ್ತದೆ. ಎಂಟು ಮಂದಿಗೆ ಎರಡು ಸಲ ತೆಗೆಯಬೇಕು, ಅದೂ ಪ್ಲಾಟ್‌ಫಾರ್ಮಿಗೆ ಕಾಲಿಡುವ ಮೊದಲು. ಬೋರ್ಡಿನಲ್ಲಿ ಎಸ್ ಎಂದರೆ ಸ್ಲೋ, ಎಫ್ ಎಂದರೆ ಫಾಸ್ಟ್. ಪಕ್ಕದ 12 ಅಥವಾ 15 ಎಂಬುದು ಡಬ್ಬಿಗಳ ಲೆಕ್ಕ. ಫಸ್ಟ್ ಕ್ಲಾಸ್ ಡಬ್ಬಿಗೆ ಊರಿನವರು ಗೊತ್ತಿಲ್ಲದೆ ನುಗ್ಗುವುದುಂಟು, ಟಿಸಿ ಸಿಕ್ಕಿದರೆ ದಂಡ ತಪ್ಪದು. ಹೊರಗಿನ ಕೆಂಪು-ಹಳದಿ ಗೆರೆಯ ಗುರುತು ಮೊದಲೇ ತೋರಿಸಿಡಿ.

ಗುಂಪನ್ನು ಒಡೆಯಿರಿ. ಹೆಂಗಸರು ಲೇಡೀಸ್ ಡಬ್ಬಿಗೆ, ಜತೆಗೆ ಇಲ್ಲಿಯವರೊಬ್ಬರು. ಗಂಡಸರ ಜತೆ ಇನ್ನೊಬ್ಬರು. ಹತ್ತುವ ಮೊದಲೇ ಎಲ್ಲರ ಬಾಯಲ್ಲೂ ಮೂರು ಮಾತು ಹೇಳಿಸಿ: ಇಳಿಯುವ ನಿಲ್ದಾಣದ ಹೆಸರು, ಅದರ ಹಿಂದಿನ ನಿಲ್ದಾಣದ ಹೆಸರು, ಪ್ಲಾಟ್‌ಫಾರ್ಮ್ ಎಡಕ್ಕೋ ಬಲಕ್ಕೋ. ಹಿಂದಿನ ನಿಲ್ದಾಣ ಬಂದಾಗಲೇ ಎದ್ದು ಬಾಗಿಲ ಕಡೆ ಸರಿಯಬೇಕು, ಯಾಕೆಂದರೆ ಗಾಡಿ ನಿಲ್ಲುವುದು ಅರ್ಧ ನಿಮಿಷ. ಯಾರಾದರೂ ಇಳಿಯಲಾಗದೆ ಉಳಿದರೆ ನಿಯಮ ಒಂದೇ: ಮುಂದಿನ ನಿಲ್ದಾಣದಲ್ಲಿ ಇಳಿದು, ಇಳಿದ ಜಾಗದಲ್ಲೇ ನಿಲ್ಲಬೇಕು. ಅವರೇ ವಾಪಸ್ ಗಾಡಿ ಹತ್ತಿ, ಇವರು ಅವರನ್ನು ಹುಡುಕಿ ಹೊರಟರೆ ಇಬ್ಬರೂ ಎದುರುಬದುರು ಗಾಡಿಗಳಲ್ಲಿ ಒಬ್ಬರನ್ನೊಬ್ಬರು ದಾಟಿ ಹೋಗುತ್ತಾರೆ.

ಮೊಣಕಾಲು ನೋವಿನವರಿಗೆ ಭೂಗತ ಮೆಟ್ರೋ 3 ವರದಾನ. 2025ರ ಅಕ್ಟೋಬರಿನಿಂದ ಅದು ಆರೇಯಿಂದ ಕಫ್ ಪರೇಡ್‌ವರೆಗೆ ಪೂರ್ತಿ ಓಡುತ್ತಿದೆ. ದಾದರ್, ಸಿದ್ಧಿವಿನಾಯಕ, ಸೈನ್ಸ್ ಸೆಂಟರ್, ಮಹಾಲಕ್ಷ್ಮಿ, ಕಾಲ್ಬಾದೇವಿ, ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್), ಹುತಾತ್ಮ ಚೌಕ್, ಚರ್ಚ್‌ಗೇಟ್ ಎಲ್ಲ ಒಂದೇ ದಾರದಲ್ಲಿ ಸಿಗುತ್ತವೆ. ಎಸಿ ಇದೆ, ಲಿಫ್ಟ್ ಇದೆ. ನೆಲದಡಿಯಲ್ಲಿ ಮೊಬೈಲ್ ಸಿಗ್ನಲ್ ನಂಬಿ ಕೂರಬೇಡಿ, ಟಿಕೆಟ್ ಮೇಲೆಯೇ ತೆಗೆದಿಟ್ಟುಕೊಳ್ಳಿ.

ರಿಕ್ಷಾ ಬಾಂದ್ರಾ ಮತ್ತು ಸಯನ್‌ನಿಂದ ಈಚೆಗೆ ಬರುವಂತಿಲ್ಲ. ದಕ್ಷಿಣದಲ್ಲಿ ಟ್ಯಾಕ್ಸಿಯೇ ಗತಿ, ಎಂಟು ಮಂದಿಗೆ ಎರಡು ಬೇಕು. ಮೀಟರಿನ ಕನಿಷ್ಠ ದರ 2025ರ ಫೆಬ್ರವರಿಯಿಂದ ಮೊದಲ ಒಂದೂವರೆ ಕಿಲೋಮೀಟರಿಗೆ ಟ್ಯಾಕ್ಸಿಗೆ 31, ರಿಕ್ಷಾಕ್ಕೆ 26 ರೂಪಾಯಿ. ಎರಡು ಟ್ಯಾಕ್ಸಿಗೂ ಇಳಿಯುವ ಜಾಗವನ್ನು ಒಂದೇ ಮಾತಿನಲ್ಲಿ ಹೇಳಿ. ‘ಗೇಟ್‌ವೇ’ ಎಂದಷ್ಟೇ ಹೇಳಿದರೆ ಒಂದು ಗಾಡಿ ರೀಗಲ್ ಸರ್ಕಲ್ಲಿನಲ್ಲಿ, ಇನ್ನೊಂದು ತಾಜ್ ಹಿಂದಿನ ಬೀದಿಯಲ್ಲಿ ಬಿಡುತ್ತದೆ.

ಶನಿವಾರ: ಕೋಟೆಯ ಸುತ್ತು

ಕೋಟೆ ಎಂದರೆ ದಕ್ಷಿಣ ಮುಂಬಯಿಯ ಫೋರ್ಟ್ ಭಾಗ. ಬೆಳಗ್ಗೆ ಎಂಟರೊಳಗೆ ಸಿಎಸ್‌ಎಂಟಿಯಲ್ಲಿ ಇಳಿದರೆ ಹೊರಗಿನ ರಸ್ತೆ ಖಾಲಿ. ಎಫ್. ಡಬ್ಲ್ಯು. ಸ್ಟೀವನ್ಸ್ ವಿನ್ಯಾಸದ ಈ ಕಟ್ಟಡದ ಕೆಲಸ 1878ರಲ್ಲಿ ಶುರುವಾಗಿ ಮುಗಿಯಲು ಸುಮಾರು ಹತ್ತು ವರ್ಷ ಹಿಡಿಯಿತು. 2004ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಹೆಚ್ಚಿನವರು ಹೊರಗೆ ನಿಂತು ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಒಳಗೆ ಸ್ಟಾರ್ ಚೇಂಬರ್ ಎಂದು ಕರೆಯುವ ಟಿಕೆಟ್ ಹಾಲಿನಲ್ಲಿ ಒಮ್ಮೆ ತಲೆ ಎತ್ತಿಸಿ. ಕಮಾನುಗಳು, ಚಾವಣಿಯ ನಕ್ಷತ್ರಗಳು, ಕೆಳಗೆ ಎಂದಿನಂತೆ ಟಿಕೆಟಿಗೆ ನಿಂತ ಜನ. ಎದುರಿನ ಮಹಾನಗರಪಾಲಿಕೆಯ ಕಟ್ಟಡವೂ ಸ್ಟೀವನ್ಸ್‌ರದೇ.

ತಿಂಡಿ ಇಲ್ಲಿಗೆ ಹತ್ತಿರದಲ್ಲೇ ಮುಗಿಸಿ. ಧೋಬಿ ತಲಾವ್‌ನ ಕಯಾನಿ ಇರಾನಿ ಹೋಟೆಲ್ 1904ರದು. ಬನ್ ಮಸ್ಕಾ, ಖಾರಿ, ಮಾವಾ ಕೇಕ್, ಇರಾನಿ ಚಹಾ. ಊರಿನ ಹಿರಿಯರು ಬನ್ನಿಗೆ ಬೆಣ್ಣೆ ಹಚ್ಚಿ ಚಹಾದಲ್ಲಿ ಅದ್ದುವುದನ್ನು ಮೊದಲು ಅನುಮಾನದಿಂದ ನೋಡಿ, ಆಮೇಲೆ ಇನ್ನೊಂದು ತರಿಸುತ್ತಾರೆ. ಮಾಂಸ ತಿನ್ನದವರಿಗೆ ಒಂದು ಎಚ್ಚರ: ಇರಾನಿ ಹೋಟೆಲಿನಲ್ಲಿ ಖೀಮಾ, ಮೊಟ್ಟೆ ಎಲ್ಲ ಒಂದೇ ಅಡುಗೆಮನೆಯಿಂದ ಬರುತ್ತವೆ, ಕೇಕಿನಲ್ಲೂ ಮೊಟ್ಟೆ ಇರುತ್ತದೆ. ಮಡಿಯ ಅತ್ತೆ ಜತೆಗಿದ್ದರೆ ಕೋಟೆಯಲ್ಲಿ ಉಡುಪಿ ಹೋಟೆಲಿಗೇನೂ ಬರವಿಲ್ಲ.

ಅಲ್ಲಿಂದ ಡಿ. ಎನ್. ರೋಡಿನ ಕಮಾನುಗಳ ನೆರಳಲ್ಲೇ ಫ್ಲೋರಾ ಫೌಂಟನ್, ಎಡಕ್ಕೆ ತಿರುಗಿ ಹಾರ್ನಿಮನ್ ಸರ್ಕಲ್, ಏಷ್ಯಾಟಿಕ್ ಸೊಸೈಟಿಯ ಮೆಟ್ಟಿಲು, ವಾಪಸ್ ಕಾಲಾ ಘೋಡಾ. ಸಿಎಸ್‌ಎಂಟಿಯಿಂದ ಗೇಟ್‌ವೇವರೆಗೆ ನಡೆದರೆ ಎರಡೂವರೆ ಕಿಲೋಮೀಟರ್. ಎಪ್ಪತ್ತು ದಾಟಿದವರಿಗೆ ಪೂರ್ತಿ ನಡಿಗೆ ಬೇಡ, ಫೌಂಟನ್‌ನಿಂದ ಟ್ಯಾಕ್ಸಿ ಹತ್ತಿಸಿ ಮ್ಯೂಸಿಯಂ ಗೇಟಿನಲ್ಲಿ ಕಾಯಲು ಹೇಳಿ. 1922ರಲ್ಲಿ ತೆರೆದ ಈ ಮ್ಯೂಸಿಯಂಗೆ ಎರಡು ಗಂಟೆ ಕೊಡಿ. ಎಲ್ಲವನ್ನೂ ನೋಡಿಸಲು ಹೋಗಬೇಡಿ. ಕೆಳಗಿನ ಶಿಲ್ಪಗಳು, ಮೇಲಿನ ಚಿಕಣಿ ಚಿತ್ರಗಳು, ಮಕ್ಕಳಿಗೆ ಪ್ರಾಣಿಗಳ ವಿಭಾಗ ಸಾಕು. ನೆರಳು, ಕೂರಲು ಜಾಗ, ಚೊಕ್ಕ ಶೌಚಾಲಯ ಸಿಗುವುದರಿಂದ ಬಿಸಿಲೇರುವ ಹನ್ನೊಂದರ ಹೊತ್ತನ್ನು ಇದಕ್ಕೇ ಮೀಸಲಿಡಿ.

ಮಧ್ಯಾಹ್ನಕ್ಕೆ ಮೀನು ತಿನ್ನುವವರಾದರೆ ಕೋಟೆಯ ಮಂಗಳೂರು ಕಡೆಯ ಲಂಚ್ ಹೋಮ್‌ಗಳು: ಮಹೇಶ್, ಅಪೂರ್ವ, ತೃಷ್ಣಾ. ಕರಾವಳಿಯಿಂದ ಬಂದವರನ್ನು ಅಲ್ಲಿಗೆ ಕರೆದೊಯ್ದು ಬಂಗುಡೆ ಪುಳಿಮುಂಚಿ ತಿನ್ನಿಸಿದರೆ, ‘ಇದಕ್ಕೆ ಇಷ್ಟು ದೂರ ಬರಬೇಕಿತ್ತಾ’ ಎಂಬ ಮಾತು ಬರುವುದು ಖಂಡಿತ. ಅವರಿಗೆ ಬೊಂಬಿಲ್ ಫ್ರೈ ಕೊಡಿಸಿ. ಹಸಿ ಬೊಂಬಿಲ್‌ನ ನೀರು ಹಿಂಡಿ ಚಪ್ಪಟೆ ಮಾಡಿ, ರವೆ ಹಚ್ಚಿ ಗರಿಗರಿಯಾಗಿ ಕರಿದದ್ದು ಊರಿನಲ್ಲಿ ಇಷ್ಟು ಚೆನ್ನಾಗಿ ಸಿಗುವುದಿಲ್ಲ. ಏಡಿ, ಪಾಪ್ಲೆಟ್‌ನಂಥವಕ್ಕೆ ಮೆನುವಿನಲ್ಲಿ ಬೆಲೆ ಇರುವುದಿಲ್ಲ, ಆ ದಿನದ ದರವಿರುತ್ತದೆ. ತೂಕ ಎಷ್ಟು, ತೂಕಕ್ಕೆ ಎಷ್ಟು ಎಂದು ಮೊದಲೇ ಕೇಳಿ, ಸಾಧ್ಯವಾದರೆ ಮೀನನ್ನೇ ತಂದು ತೋರಿಸಲು ಹೇಳಿ. ಆರು ಮಂದಿಗೆ ಎರಡು ಫ್ರೈ, ಒಂದು ಗಸಿ, ಒಂದು ಸುಕ್ಕ, ನೀರುದೋಸೆ, ಕೊನೆಗೆ ಅನ್ನ-ಸಾರು ಧಾರಾಳ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ತಟ್ಟೆಗೆ ಬರುವುದರಲ್ಲಿ ಹೆಚ್ಚಿನದು ಐಸಿನ ಮೀನು, ದುಡ್ಡು ದಂಡ.

ಬಯಲುಸೀಮೆಯ ಕಡೆಯ ಸಸ್ಯಾಹಾರಿಗಳಾದರೆ ಕಾಲ್ಬಾದೇವಿಯ ಗುಜರಾತಿ ಥಾಲಿ. 1945ರ ಠಾಕರ್ ಭೋಜನಾಲಯ ಹೆಸರುವಾಸಿ. ಹಾಲು, ತುಪ್ಪ, ಬೆಲ್ಲ ಎಲ್ಲ ಜೋರು. ಕೂತ ಐದೇ ನಿಮಿಷದಲ್ಲಿ ತಟ್ಟೆಯಲ್ಲಿ ಹನ್ನೆರಡು ಬಗೆ ಬಿದ್ದಿರುತ್ತವೆ. ಊರಿನವರು ಮೊದಲ ಸುತ್ತಿನ ಫರ್ಸಾಣ್, ಢೋಕ್ಲಾದಲ್ಲೇ ಹೊಟ್ಟೆ ತುಂಬಿಸಿಕೊಂಡು ಬಿಸಿ ಫುಲ್ಕಾ, ಖಿಚಡಿ ಬರುವ ಹೊತ್ತಿಗೆ ಕೈ ಚೆಲ್ಲುತ್ತಾರೆ. ‘ಮೊದಲ ಸುತ್ತಿನಲ್ಲಿ ಎಲ್ಲದಕ್ಕೂ ಅರ್ಧ’ ಎಂದು ಮೆಟ್ಟಿಲು ಹತ್ತುವಾಗಲೇ ಹೇಳಿ.

ಸಂಜೆ ಗೇಟ್‌ವೇ, ಅಲ್ಲಿಂದ ಓವಲ್ ಮೈದಾನ, ಮರೀನ್ ಡ್ರೈವ್. ಓವಲ್ ಮೈದಾನದ ಒಂದು ಬದಿ ರಾಜಾಬಾಯಿ ಗೋಪುರದ ಗೋಥಿಕ್ ಸಾಲು, ಇನ್ನೊಂದು ಬದಿ 1930ರ ದಶಕದ ಆರ್ಟ್ ಡೆಕೋ ಮನೆಗಳು. ಎರಡೂ ಸೇರಿ 2018ರಲ್ಲಿ ಯುನೆಸ್ಕೋ ಮನ್ನಣೆ ಪಡೆದವು. ಮೈದಾನದ ನಡುವೆ ನಿಂತು ಒಂದು ಸುತ್ತು ತಿರುಗಿದರೆ ಎರಡು ಶತಮಾನ ಕಾಣುತ್ತವೆ, ಟಿಕೆಟ್ಟೂ ಇಲ್ಲ.

ಎಲಿಫೆಂಟಾ ಬೇಕೇ?

ಮೊಣಕಾಲು ಗಟ್ಟಿ ಇರುವವರು, ಹತ್ತು ದಾಟಿದ ಮಕ್ಕಳು ಇದ್ದರೆ ಬೇಕು. ಇಲ್ಲದಿದ್ದರೆ ಬೇಡವೆಂದು ನೇರವಾಗಿ ಹೇಳುವುದು ಒಳ್ಳೆಯದು. ಇದು ಅರ್ಧ ದಿನದ ಕೆಲಸ: ದೋಣಿ ಹೋಗಲು ಒಂದು ಗಂಟೆ, ಬರಲು ಒಂದು, ಮೇಲೆ ಎರಡು, ಸಾಲು-ಕಾಯುವಿಕೆಗೆ ಇನ್ನೊಂದು. ಒಟ್ಟು ಐದು ಗಂಟೆ. ಗೇಟ್‌ವೇಯಿಂದ ಬೆಳಗ್ಗೆ ಒಂಬತ್ತರ ಸುಮಾರಿಗೆ ದೋಣಿಗಳು ಶುರುವಾಗುತ್ತವೆ, ಮೊದಲನೆಯದೋ ಎರಡನೆಯದೋ ಹಿಡಿಯಿರಿ. ಹನ್ನೊಂದಕ್ಕೆ ಹೋದರೆ ರಜೆಯ ದಿನ ಸಾಲಿನಲ್ಲೇ ಒಂದು ಗಂಟೆ. ಲೈಫ್ ಜಾಕೆಟ್ ಕೊಡುತ್ತಾರೆ, ಸೆಕೆ ಎಂದು ಬಿಚ್ಚಿಡಲು ಬಿಡಬೇಡಿ. ಮಳೆಗಾಲದಲ್ಲಿ ಸಮುದ್ರ ಕೆಟ್ಟರೆ ದೋಣಿಗಳನ್ನು ನಿಲ್ಲಿಸಿಬಿಡುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ನಂಬಿ ದಿನ ಗೊತ್ತುಮಾಡಬೇಡಿ.

ಜೆಟ್ಟಿಯಿಂದ ಮೆಟ್ಟಿಲ ಬುಡದವರೆಗೆ ಪುಟ್ಟ ರೈಲಿದೆ. ಆಮೇಲೆ ನೂರಿಪ್ಪತ್ತರಷ್ಟು ಮೆಟ್ಟಿಲು, ಎರಡೂ ಬದಿ ಅಂಗಡಿ. ಹತ್ತಲಾಗದವರನ್ನು ಕುರ್ಚಿಯಲ್ಲಿ ಹೊತ್ತೊಯ್ಯುವವರಿದ್ದಾರೆ, ದರ ಮೊದಲೇ ಮಾತಾಡಿ, ಹೋಗಿ-ಬರುವುದಕ್ಕೆ ಸೇರಿಸಿ. ಪುರಾತತ್ವ ಇಲಾಖೆಯ ಟಿಕೆಟ್ 40 ರೂಪಾಯಿ, ಹದಿನೈದರೊಳಗಿನ ಮಕ್ಕಳಿಗಿಲ್ಲ. ಮಂಗಗಳು ಬಿಸ್ಕತ್ತಿನ ಪೊಟ್ಟಣ, ಬಣ್ಣದ ಪಾನೀಯದ ಬಾಟಲಿ ಕಂಡರೆ ಕೈಯಿಂದಲೇ ಕಿತ್ತುಕೊಳ್ಳುತ್ತವೆ. ತಿನ್ನುವುದೆಲ್ಲ ಜಿಪ್ ಹಾಕಿದ ಚೀಲದಲ್ಲಿರಲಿ.

ಮೇಲೆ ಹೋದವರು ಸೀದಾ ತ್ರಿಮೂರ್ತಿಯ ಮುಂದೆ ಹೋಗಿ ಸೆಲ್ಫಿ ತೆಗೆದು ‘ಅಷ್ಟೇನಾ’ ಎನ್ನುತ್ತಾರೆ. ಹಾಗೆ ಮಾಡಿಸಬೇಡಿ. ಮೊದಲು ಬಾಗಿಲ ಬದಿಯ ನಟರಾಜ ಮತ್ತು ಯೋಗೀಶ್ವರ, ಆಮೇಲೆ ಕೈಲಾಸ ಅಲುಗಿಸುವ ರಾವಣ, ಕಲ್ಯಾಣಸುಂದರ, ಗಂಗಾಧರ, ಅರ್ಧನಾರೀಶ್ವರ. ಕೊನೆಗೆ ಆರು ಮೀಟರಿನಷ್ಟು ಎತ್ತರದ ಸದಾಶಿವ, ಅಂದರೆ ಅದೇ ತ್ರಿಮೂರ್ತಿ. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಸುಮ್ಮನೆ ನಿಂತರೆ ಎಡಮುಖದ ಉಗ್ರ ಹುಬ್ಬು, ಬಲಮುಖದ ಕೈಯಲ್ಲಿನ ಕಮಲ ನಿಧಾನವಾಗಿ ತೋರುತ್ತವೆ. ಬಾದಾಮಿ ನೋಡಿ ಬಂದವರಿಗೆ ಇಲ್ಲಿ ಮಾತಾಡಲು ಬೇಕಾದಷ್ಟಿದೆ.

ಭಾನುವಾರ: ಮಾಟುಂಗಾ

ಹೊರಗಿನ ಮೂರನೇ ಊಟಕ್ಕೆ ಹಿರಿಯರ ಹೊಟ್ಟೆ ಮುಷ್ಕರ ಹೂಡುತ್ತದೆ. ಆ ಊಟ ಸರಿಯಾಗಿ ಮಾಟುಂಗಾದಲ್ಲಿ ಬೀಳುವಂತೆ ಹೊಂದಿಸಿ. ನಿಲ್ದಾಣದ ಎದುರಿನ ಮಾರುಕಟ್ಟೆ ಕಟ್ಟಡದ ಮೇಲಿನ ಮಹಡಿಯಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಬಾಳೆಎಲೆ ಊಟ ಬಡಿಸುತ್ತಿದೆ. ಭಾನುವಾರ ಹನ್ನೊಂದೂವರೆಗೆ ಅಲ್ಲಿರಬೇಕು, ಹನ್ನೆರಡೂವರೆಗೆ ಹೋದರೆ ಮೆಟ್ಟಿಲ ಮೇಲೆ ನಿಲ್ಲಬೇಕಾಗುತ್ತದೆ. ಎಂಟೂ ಮಂದಿ ಒಟ್ಟಿಗೇ ಕೂರಬೇಕೆಂದು ಹಟ ಹಿಡಿದರೆ ಕಾಯುವುದು ಇಮ್ಮಡಿಯಾಗುತ್ತದೆ. ನಾಲ್ಕು-ನಾಲ್ಕು ಎಂದರೆ ಬೇಗ.

ಬೆಳಗಿನ ತಿಂಡಿಗೆ ಅದೇ ಭಾಗದ ಕೆಫೆ ಮದ್ರಾಸ್, ರಾಮ್ ಆಶ್ರಯ, ಕೆಫೆ ಮೈಸೂರು. ಇಲ್ಲಿ ಭಾನುವಾರ ಒಂಬತ್ತರ ಮೇಲೆ ಫುಟ್‌ಪಾತಿನಲ್ಲಿ ಗುಂಪು ನಿಂತಿರುತ್ತದೆ. ಬಾಗಿಲಲ್ಲಿ ಪುಸ್ತಕ ಹಿಡಿದವರಿಗೆ ಹೆಸರು ಮತ್ತು ತಲೆಲೆಕ್ಕ ಬರೆಸಿ, ಕರೆಯುವಾಗ ಎಲ್ಲರೂ ಎದುರಿಗಿರಬೇಕು. ಯಾರೋ ಹೂ ಕೊಳ್ಳಲು ಹೋಗಿದ್ದರೆ ಸರದಿ ಮುಂದಿನವರಿಗೆ. ಏಳೂವರೆಗೆ ಹೋದರೆ ಇದ್ಯಾವುದೂ ಇಲ್ಲ. ಒಂದೊಂದು ಪ್ಲೇಟ್ ಎಲ್ಲರಿಗೂ ಬೇಡ: ರಸಂ ವಡೆ ಎರಡು, ನೀರುದೋಸೆ ಎರಡು, ಪೊಡಿ ಇಡ್ಲಿ ಎರಡು, ಅನಾನಸ್ ಶಿರಾ ಎರಡು ತರಿಸಿ ಹಂಚಿಕೊಂಡರೆ ಹೊಟ್ಟೆಯಲ್ಲಿ ಮಧ್ಯಾಹ್ನಕ್ಕೆ ಜಾಗ ಉಳಿಯುತ್ತದೆ. ಮೈಸೂರಿನಿಂದ ಬಂದವರು ‘ಮೈಸೂರು ಮಸಾಲೆ’ ಹೇಳುವ ಮೊದಲು ಎಚ್ಚರಿಸಿ. ಮುಂಬಯಿಯಲ್ಲಿ ಅದಕ್ಕೆ ಕೆಂಪು ಚಟ್ನಿ, ಬೆಣ್ಣೆ ಜೋರು, ಅಲ್ಲಿನ ದೋಸೆಯನ್ನು ಹುಡುಕಬಾರದು.

ಎರಡು ಊಟದ ನಡುವಿನ ಮೂರೂವರೆ ಗಂಟೆಗೆ ನಿಲ್ದಾಣದ ಪಕ್ಕದ ಹೂವಿನ ಗಲ್ಲಿ, ಅಲ್ಲೇ ಕಣ್ಣೆದುರು ಪುಡಿ ಮಾಡಿಕೊಡುವ ಕಾಫಿ ಅಂಗಡಿ, ಮಹೇಶ್ವರಿ ಉದ್ಯಾನ, ಫೈವ್ ಗಾರ್ಡನ್ಸ್. ಭಾವು ದಾಜಿ ರೋಡಿನಲ್ಲಿ 1926ರ ಮೈಸೂರು ಅಸೋಸಿಯೇಷನ್ ಇದೆ. ನಾಟಕವೋ ಉಪನ್ಯಾಸವೋ ಇರುವ ವಾರಾಂತ್ಯವಾದರೆ ಸಂಜೆಗೆ ಅದನ್ನೇ ಇಟ್ಟುಕೊಳ್ಳಿ. ಮುಂಬಯಿಯಲ್ಲಿ ಕನ್ನಡ ನಾಟಕ ನೋಡಿದೆವೆಂದು ಊರಿಗೆ ಹೋಗಿ ಹೇಳಿಕೊಳ್ಳುವುದು ಗೇಟ್‌ವೇಯ ಫೋಟೋಗಿಂತ ಹೆಚ್ಚು ದಿನ ನಡೆಯುತ್ತದೆ. ಮಾಹಿಮ್‌ನ ಕರ್ನಾಟಕ ಸಂಘದ ಸಭಾಂಗಣಕ್ಕೂ ಒಂದು ಫೋನ್ ಮಾಡಿ ನೋಡಿ.

ದೇವಸ್ಥಾನ, ದರ್ಗಾ ಮತ್ತು ಭರತ-ಇಳಿತ

ಸಿದ್ಧಿವಿನಾಯಕನಿಗೆ ಮಂಗಳವಾರ, ಸಂಕಷ್ಟಿಯಂದು ಹೋಗಬೇಡಿ. ಉಳಿದ ದಿನ ಬೆಳಗ್ಗೆ ಏಳರೊಳಗೆ ಸುಲಭ. ಚಿಕ್ಕ ಸ್ಕರ್ಟ್, ಹರಿದ ಜೀನ್ಸ್ ಹಾಕಿದವರನ್ನು 2025ರಿಂದ ಒಳಗೆ ಬಿಡುವುದಿಲ್ಲ, ಕಾಲೇಜಿನ ಹುಡುಗ-ಹುಡುಗಿಯರಿಗೆ ಮನೆಯಲ್ಲೇ ಹೇಳಿ. ಮಹಾಲಕ್ಷ್ಮಿಗೆ ಶುಕ್ರವಾರ ಜನ.

ಹಾಜಿ ಅಲಿಗೆ ಹೋಗುವ ದಾರಿ ಸಮುದ್ರದೊಳಗಿನದು, ನೀರೇರಿದಾಗ ಮುಳುಗುತ್ತದೆ. ಹೋಗುವ ಮೊದಲು ಆ ದಿನದ ಭರತದ ಸಮಯ ನೋಡಿ. ಮೊಬೈಲ್ ಇಲ್ಲದೆಯೂ ಪಂಚಾಂಗದಿಂದ ಅಂದಾಜು ಮಾಡಬಹುದು: ಮುಂಬಯಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ದೊಡ್ಡ ಭರತ ಮಧ್ಯಾಹ್ನ ಹನ್ನೆರಡರಿಂದ ಒಂದರ ಸುಮಾರಿಗೆ, ಇಳಿತ ಬೆಳಗ್ಗೆ-ಸಂಜೆ ಆರರ ಸುಮಾರಿಗೆ. ದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಮುಂದೆ ಸರಿಯುತ್ತ ಹೋಗಿ ಅಷ್ಟಮಿಯ ಹೊತ್ತಿಗೆ ತಿರುವುಮುರುವಾಗುತ್ತದೆ. ಮಳೆಗಾಲದ ಹುಣ್ಣಿಮೆಯ ಭರತಕ್ಕೆ ಮರೀನ್ ಡ್ರೈವಿನಲ್ಲಿ ಅಲೆ ಗೋಡೆ ಹಾರಿ ರಸ್ತೆಗೇ ಬೀಳುತ್ತದೆ. ದೂರ ನಿಂತು ನೋಡಲು ಚೆಂದ, ಗೋಡೆ ಹತ್ತಿ ನಿಲ್ಲುವುದು ಹುಚ್ಚು.

ಮೂರನೇ ದಿನ ಸೋಮವಾರವಾದರೆ ಇದೇ ಭಾಗ ಹಿಡಿಯಿರಿ: ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಬಾಣಗಂಗಾ, ಹ್ಯಾಂಗಿಂಗ್ ಗಾರ್ಡನ್, ಸಂಜೆಗೆ ಗಿರ್ಗಾಂವ್ ಚೌಪಾಟಿ. ಬಂಗಲೆ, ಜುಹೂ ಎನ್ನುವವರಿಗೆ ಒಂದು ಸಂಜೆ ಬೇರೆಯೇ ಬೇಕು. ಅದನ್ನು ಇದರೊಳಗೆ ತುರುಕಿದರೆ ದಾರಿಯಲ್ಲೇ ಎರಡು ಗಂಟೆ.

ರಸ್ತೆಬದಿಯ ತಿಂಡಿ, ಬಿಲ್ಲು

ವಡಾಪಾವ್ ತಿನ್ನಿಸಲು ಬಾಣಲೆಯಿಂದ ಆಗಷ್ಟೇ ಎತ್ತುತ್ತಿರುವ ಅಂಗಡಿ ನೋಡಿ. ಸಿಎಸ್‌ಎಂಟಿ ಎದುರಿನ ಆರಾಮ್, ದಾದರ್‌ನ ಕೀರ್ತಿ ಕಾಲೇಜಿನ ಬಳಿಯದು ಎಲ್ಲರಿಗೂ ಗೊತ್ತಿರುವವು. ರಾಶಿ ಹಾಕಿದ ತಣ್ಣನೆಯ ವಡೆ ಬೇಡ. ಪಾವ್‌ಭಾಜಿ ಒಂದು ಪ್ಲೇಟಿಗೆ ಎರಡು ಪಾವ್ ಬರುತ್ತದೆ, ಭಾಜಿ ಮಾತ್ರ ನಾಲ್ಕು ಪಾವ್‌ಗಾಗುವಷ್ಟು. ಎಂಟು ಮಂದಿಗೆ ನಾಲ್ಕು ಪ್ಲೇಟ್, ಮೇಲೆ ಎಂಟು ಪಾವ್ ಸಾಕು. ಬೆಣ್ಣೆ ಕಡಿಮೆ ಬೇಕೆಂದರೆ ಆರ್ಡರ್ ಕೊಡುವಾಗಲೇ ಹೇಳಬೇಕು, ತವಾದ ಮೇಲೆ ಬಿದ್ದದ್ದನ್ನು ಯಾರೂ ತೆಗೆಯುವುದಿಲ್ಲ. ಭೇಲ್, ಸೇವ್‌ಪುರಿಯಲ್ಲಿ ಅಪಾಯ ಕಡಿಮೆ. ಪಾನಿಪುರಿಯ ನೀರು, ಗೋಲಾದ ಐಸು ಊರಿನ ಹೊಟ್ಟೆಗೆ ಆಗಿಬರುವುದು ಕಷ್ಟ. ತಿನ್ನಲೇಬೇಕೆಂದರೆ ಬಾಟಲಿ ನೀರು ಬಳಸುವ ಅಂಗಡಿಯಲ್ಲಿ, ಅದೂ ಹೊರಡುವ ಹಿಂದಿನ ದಿನವಂತೂ ಬೇಡ. ರಾತ್ರಿ ರೈಲಿನಲ್ಲಿ ಹೊಟ್ಟೆ ಕೆಟ್ಟರೆ ಎಲ್ಲರಿಗೂ ಶಿಕ್ಷೆ.

ಬಿಲ್ಲಿನ ಜಗ್ಗಾಟ ಗಲ್ಲಾದ ಮುಂದೆ ನಡೆಯುತ್ತದೆ. ಭಾವನ ಕೈಯಲ್ಲಿ ಐನೂರರ ನೋಟು, ಮಾವನ ಕೈ ಅವರ ಜೇಬಿನ ಮೇಲೆ, ಹಿಂದೆ ಹತ್ತು ಮಂದಿಯ ಸಾಲು. ಮೊದಲ ರಾತ್ರಿಯೇ ಮಾತಾಡಿಬಿಡಿ: ದೊಡ್ಡ ಊಟಗಳು ಮನೆಯವರದು, ತಿಂಡಿ-ಚಹಾ ನೆಂಟರದು. ಹಾಗಾದರೆ ಅವರಿಗೂ ಕೊಟ್ಟ ಸಮಾಧಾನ. ಟ್ಯಾಕ್ಸಿ, ಟಿಕೆಟ್ ಒಬ್ಬರ ಕೈಯಲ್ಲೇ ಇರಲಿ.

ವಾಪಸ್ ಕಳಿಸುವುದು

ವಾಪಸ್ ಟಿಕೆಟ್ ಇಲ್ಲದೆ ರಜೆಗೆ ಬರುವವರಿಗೆ ಮೊದಲೇ ಹೇಳಿ: ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ತೆರೆಯುತ್ತದೆ, ದೀರ್ಘ ರಜೆಯ ಕೊನೆಯ ದಿನದ ಸೀಟುಗಳು ಬೇಗ ಮುಗಿಯುತ್ತವೆ. ತತ್ಕಾಲ್ ಹಿಂದಿನ ದಿನ, ಎಸಿಗೆ ಹತ್ತಕ್ಕೆ, ಸ್ಲೀಪರಿಗೆ ಹನ್ನೊಂದಕ್ಕೆ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿ ಬೇರೆ, ಗಾಡಿಗಳೂ ನಿಧಾನ. ಹೊರಡುವ ಹೊತ್ತು ಮತ್ತೊಮ್ಮೆ ನೋಡಿಕೊಳ್ಳಿ. ಭಾನುವಾರ ಎಲ್‌ಟಿಟಿಗೆ ಲೋಕಲಿನಲ್ಲಿ ಹೋಗುವುದಾದರೆ ಹತ್ತಿರದ ತಿಲಕ್ ನಗರ ಹಾರ್ಬರ್ ಲೈನಿನದು, ಮೆಗಾ ಬ್ಲಾಕ್ ಇದ್ದರೆ ಗಾಡಿ ಇಲ್ಲ. ಅಂದು ರಿಕ್ಷಾವೋ ಕಾರೋ ಹಿಡಿದು, ಗಾಡಿ ಹೊರಡುವ ಮುಕ್ಕಾಲು ಗಂಟೆ ಮೊದಲು ತಲುಪುವಂತೆ ಹೊರಡಿ.

ರೈಲಿಗೆ ಚಪಾತಿ, ಒಣ ಬಟಾಟೆ ಪಲ್ಯ, ಚಟ್ನಿಪುಡಿ ಹಚ್ಚಿದ ಇಡ್ಲಿ ಕಟ್ಟಿಕೊಡಿ. ಇಡ್ಲಿಗೆ ಎಣ್ಣೆ-ಚಟ್ನಿಪುಡಿಯನ್ನು ಎರಡೂ ಮಗ್ಗುಲಿಗೆ ಹಚ್ಚಿ ಪೂರ್ತಿ ಆರಿಸಿದ ಮೇಲೆಯೇ ಡಬ್ಬಿಗೆ ತುಂಬಬೇಕು, ಬಿಸಿಯಲ್ಲಿ ಮುಚ್ಚಿದರೆ ಬೆವರಿ ಅಂಟಾಗುತ್ತದೆ. ತೆಂಗಿನ ಚಟ್ನಿ ಮಾತ್ರ ಬೇಡ. ಮಧ್ಯಾಹ್ನದ ಗಾಡಿಯಾದರೆ ರತ್ನಾಗಿರಿ ಬರುವ ಹೊತ್ತಿಗೆ ಹುಳಿ ಬಂದಿರುತ್ತದೆ.